ಲೆಕ್ಕಕ್ಕೆ 72, ಕಾಲಿಗೆ 144

ಕಳೆದ ಜನವರಿಯಲ್ಲಿ, ಐದನೇ ಸೆಮ್ ಪರೀಕ್ಷೆ ಮುಗಿದ ವಾರ, ನಾವು ಆರು ಜನ ಚಿಕ್ಕಮಗಳೂರು ಕಡೆಯ ಒಂದು ಕಾಫಿ ತೋಟದಲ್ಲಿ ರಾತ್ರಿ ಎಂಟರಿಂದ ಬೆಳಿಗ್ಗೆ ಹತ್ತಿರ ಹತ್ತಿರ ಎಂಟರ ತನಕ ರಿಲೇ ಓಡಿದ್ವಿ. ಎಷ್ಟು ದೂರ ಅಂತ ಕೇಳಿದವರಿಗೆ 72 ಕಿಲೋಮೀಟರ್ ಅಂತೀವಿ. ಆರು ಕಿಲೋಮೀಟರಿನ ಒಂದು ಸುತ್ತು, ಅಂಥವು ಹನ್ನೆರಡು. ಆದರೆ ಆರೂ ಜನರ ಕಾಲನ್ನು ಕೂಡಿಸಿ ನೋಡಿದರೆ ಆ ರಾತ್ರಿ ಸವೆದದ್ದು 144 ಕಿಲೋಮೀಟರ್. ಉಳಿದ 72 ಎಲ್ಲಿಂದ ಬಂತು ಅಂತ ಹೇಳೋದಕ್ಕೇ ಈ ಲೇಖನ.

ಮೊದಲು ಪಾತ್ರವರ್ಗ. ಹೆಸರು ಹಾಕಬೇಡ, ಮನೆಯಲ್ಲಿ ಎಲ್ಲರೂ ಈ ಪತ್ರಿಕೆ ಓದ್ತಾರೆ ಅಂತ ಐದೂ ಜನ ತಾಕೀತು ಮಾಡಿದ್ದಾರೆ. ಹಾಗಾಗಿ ಬ್ರಾಂಚಿನ ಹೆಸರಲ್ಲೇ ಕರೀತೀನಿ. ಸಿವಿಲ್: ಅವನ ದೊಡ್ಡಪ್ಪನದೇ ಆ ತೋಟ. ಮೆಕ್: ನಮ್ಮಲ್ಲಿ ನಿಜವಾದ ಓಟಗಾರ ಅಂತ ಇರೋದು ಅವನೊಬ್ಬನೇ, ಉಳಿದವರೆಲ್ಲ ಓಡಲು ಕಲಿತವರು. ಇಸಿ: ನಂಜನಗೂಡಿನ ಹುಡುಗಿ. ಐಎಸ್: ಕನ್ನಡ ಸಂಘದ ರಾಜ್ಯೋತ್ಸವ ಕ್ವಿಜ್ ಅನ್ನು ಎರಡು ವರ್ಷ ಗೆದ್ದವಳು, ಅದನ್ನ ಯಾರಿಗೂ ಮರೆಯಲು ಬಿಡದವಳು. ಸಿಎಸ್: ಎಲ್ಲದಕ್ಕೂ ಎಕ್ಸೆಲ್ ಶೀಟ್ ಮಾಡುವವನು. ಆರನೆಯವನು ನಾನು, ಎಲೆಕ್ಟ್ರಿಕಲ್.

ರಿಲೇ ಅಂದ್ರೆ ನಮಗೆಲ್ಲ ಗೊತ್ತಿದ್ದದ್ದು ಸ್ಪೋರ್ಟ್ಸ್ ಡೇ ದಿನದ ಫೋರ್ ಇಂಟು ಹಂಡ್ರೆಡ್ ಮಾತ್ರ. ಹಾಸ್ಟೆಲ್ ಮೆಸ್ಸಿನಲ್ಲಿ ಒಂದಿನ ಸಿಎಸ್ ಅಮೆರಿಕದ ಹುಡ್ ಟು ಕೋಸ್ಟ್ ಓಟದ ವಿಡಿಯೋ ತೋರಿಸಿದ. ಆರೆಗನ್ ರಾಜ್ಯದ ಮೌಂಟ್ ಹುಡ್ ಬೆಟ್ಟದಿಂದ ಸಮುದ್ರದ ದಡದ ತನಕ, ಸುಮಾರು 320 ಕಿಲೋಮೀಟರ್, ತಂಡಗಳು ಹಗಲೂ ರಾತ್ರಿ ಸರದಿಯಲ್ಲಿ ಓಡ್ತವೆ. 1982ರಲ್ಲಿ ಶುರುವಾದದ್ದು. ಐಎಸ್ ತಟ್ಟೆಯಿಂದ ತಲೆ ಎತ್ತದೆ, 'ಅದಕ್ಕಿಂತ ಹಳೇದು ಜಪಾನಿನದು' ಅಂದ್ಲು. ಅಲ್ಲಿ ಈ ಓಟಕ್ಕೆ ಎಕಿಡೆನ್ ಅಂತ ಹೆಸರು. ಮೊದಲನೆಯದು 1917ರಲ್ಲಿ, ಕ್ಯೋಟೋದಿಂದ ಟೋಕಿಯೋಗೆ, ಸುಮಾರು 508 ಕಿಲೋಮೀಟರ್, 23 ಹಂತ, ರಾತ್ರಿ ಹಗಲು ಸೇರಿ ಮೂರು ದಿನ. 1920ರಿಂದ ವಿಶ್ವವಿದ್ಯಾಲಯದ ಹುಡುಗರಿಗೆಂದೇ ಹಕೋನೆ ಎಕಿಡೆನ್ ನಡೆಯುತ್ತೆ. ಪ್ರತಿ ವರ್ಷ ಜನವರಿ 2 ಮತ್ತು 3ರಂದು ಹತ್ತು ಜನ ಸೇರಿ ಟೋಕಿಯೋದಿಂದ ಹಕೋನೆ ಬೆಟ್ಟಕ್ಕೆ ಹೋಗಿ ವಾಪಸ್ ಬರ್ತಾರೆ. ಕೋಲಿನ ಬದಲು ಹೆಗಲಿಗೆ ಅಡ್ಡಲಾಗಿ ಹಾಕೋ ಒಂದು ಪಟ್ಟಿಯನ್ನ ಒಬ್ಬರಿಂದೊಬ್ಬರಿಗೆ ದಾಟಿಸ್ತಾರೆ.

'ಅಷ್ಟೆಲ್ಲ ದೂರ ಯಾಕೆ, ನಮ್ಮ ಮೈಸೂರಿನದೇ ಇದೆ' ಅಂತ ಅವಳೇ ಮುಂದುವರಿಸಿದ್ಲು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದ್ರೆ 17ನೇ ಶತಮಾನದ ಕೊನೆಗೆ, ಶುರುವಾದ ಮೈಸೂರು ಅಂಚೆ. 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆ ಇಲಾಖೆಯ ಜೊತೆ ಸೇರಿಸುವವರೆಗೂ ಅದು ನಮ್ಮ ಸಂಸ್ಥಾನದ್ದೇ ಆಗಿ ಇತ್ತು. ಆಗ ಅಂಚೆ ಅಂದ್ರೇನೇ ಕಾಲು. ಚೀಲ ಹೊತ್ತವನು ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಓಡಬೇಕು, ಅಲ್ಲಿ ಇನ್ನೊಬ್ಬ ಕಾಯ್ತಿರಬೇಕು. ಹಳೆಯ ಅಂಚೆ ಓಟಗಾರರ ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು ಇರ್ತಿತ್ತು. ಪ್ರಾಣಿಗಳು ದೂರ ಸರೀಲಿ, ಮುಂದಿನ ಕಟ್ಟೆಯವನು ಎದ್ದು ಪಂಚೆ ಬಿಗಿ ಮಾಡ್ಕೊಳ್ಳಲಿ ಅಂತ. ನಮಗೆ ಆಟ, ಅವರಿಗೆ ಸಂಬಳದ ಕೆಲಸ. ಕೋಲಿಗೆ ಗೆಜ್ಜೆ ಕಟ್ಟಬೇಕು ಅನ್ನೋದು ಅವತ್ತು ಮೆಸ್ಸಿನಲ್ಲೇ ತೀರ್ಮಾನ ಆಯ್ತು. ಎಲ್ಲಿ ಓಡೋದು ಅನ್ನೋದು ಆಗಲಿಲ್ಲ.

ಮೈಸೂರಿನವರಿಗೆ ಬೆಟ್ಟ ಅಂದ್ರೆ ಒಂದೇ. ಆದರೆ ಚಾಮುಂಡಿ ಬೆಟ್ಟ ಮೀಸಲು ಅರಣ್ಯ, ಅಲ್ಲಿ ಚಿರತೆ ಇದೆ, ರಾತ್ರಿ ಓಡೋ ಮಾತೇ ಇಲ್ಲ. ಬೇರೆ ಬೆಟ್ಟಗಳಿಗೂ ಅದೇ ಕತೆ. ಕತ್ತಲಾದ ಮೇಲೆ ಕಾಡಿನೊಳಗೆ ಚಾರಣಕ್ಕೆ ಅರಣ್ಯ ಇಲಾಖೆ ಬಿಡಲ್ಲ, ಬಿಡಬಾರದು ಕೂಡ. ಆಗ ಸಿವಿಲ್ ತನ್ನ ದೊಡ್ಡಪ್ಪನಿಗೆ ಫೋನ್ ಮಾಡಿದ. ಅವರ ತೋಟದೊಳಗೆ ಜೀಪು ಓಡಾಡೋ ಮಣ್ಣಿನ ದಾರಿ ಇದೆ. ಕಾಫಿ ಒಣಗಿಸೋ ಕಣದಿಂದ ಹೊರಟು, ಗುಡ್ಡದ ನೆತ್ತಿ ಹತ್ತಿ, ಹಳ್ಳದ ಪಕ್ಕ ಇಳಿದು ಮತ್ತೆ ಕಣಕ್ಕೇ ಬರುತ್ತೆ. ಸರಿಯಾಗಿ ಆರು ಕಿಲೋಮೀಟರ್, ಹೊರಗಿನ ಜಾಗಕ್ಕೆ ಒಂದು ಹೆಜ್ಜೆಯನ್ನೂ ಇಡಬೇಕಿಲ್ಲ. ಆನೆ ಕಾಟ ಮೂಡಿಗೆರೆ, ಸಕಲೇಶಪುರದ ಕಡೆ ಇದ್ದಷ್ಟು ಅಲ್ಲಿಲ್ಲ. ಆದರೆ ಕಾಟಿ ಇವೆ. ಘಟ್ಟದ ಕಡೆಯವರು ಕಾಡುಕೋಣಕ್ಕೆ ಹೇಳೋ ಹೆಸರು ಅದು.

ದೊಡ್ಡಪ್ಪ ಒಪ್ಪಿದರು, ಒಂದು ಷರತ್ತು ಹಾಕಿ. 'ಕತ್ತಲಲ್ಲಿ ಒಂಟಿಯಾಗಿ ಯಾರೂ ಹೋಗೋ ಹಾಗಿಲ್ಲ ಮಾರಾಯ. ಹೋದ್ರೆ ಇಬ್ಬರು.'

ಕ್ಯಾಂಟೀನಿನಲ್ಲಿ ಎರಡು ಸಂಜೆ ಇದೇ ಜಗಳ. ಇಬ್ಬಿಬ್ಬರು ಓಡಿದರೆ ಅದೆಂಥ ರಿಲೇ? ಒಬ್ಬನೇ ಓಡಬೇಕು, ಉಳಿದವರು ಕಾಯಬೇಕು, ಅದೇ ಅಲ್ವಾ ಆಟ? ಸಿಎಸ್ ಅಂತೂ 'ಇದು ರಿಲೇ ಅಲ್ಲ ಗುರು, ಮದುವೆ ದಿಬ್ಬಣ' ಅಂದ. ನಾನು ಪೇಪರ್ ತಗೊಂಡೆ. ರಿಲೇ ಅಂದ್ರೆ ಸೀರೀಸ್ ಸರ್ಕ್ಯೂಟ್ ಇದ್ದ ಹಾಗೆ. ಒಂದು ಕಡೆ ತುಂಡಾದ್ರೆ ಇಡೀ ಲೈನ್ ಹೋಯ್ತು. ಒಬ್ಬರು ಒಂದು ಸುತ್ತನ್ನ ತೊಂದರೆ ಇಲ್ಲದೆ ಮುಗಿಸೋ ಸಾಧ್ಯತೆ 0.95 ಅಂತ ಇಟ್ಕೊಳ್ಳಿ. ಹನ್ನೆರಡು ಸುತ್ತಿಗೆ 0.95ರ ಹನ್ನೆರಡನೇ ಘಾತ, ಅಂದ್ರೆ 0.54. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಪ್ರತಿ ಸುತ್ತಿಗೂ ಇಬ್ಬರು ಅಂದ್ರೆ ಅದು ಪ್ಯಾರಲಲ್. ಇಬ್ಬರೂ ಒಟ್ಟಿಗೆ ಕೈಕೊಡೋ ಸಾಧ್ಯತೆ 0.05 ಇಂಟು 0.05. ಆಗ ಇಡೀ ರಾತ್ರಿಯ ಲೆಕ್ಕ 0.97 ಬರುತ್ತೆ.

ಸಿಎಸ್ ಸುಮ್ಮನಿರಲಿಲ್ಲ. 'ನಿನ್ನ ಸರ್ಕ್ಯೂಟೇ ತಪ್ಪು. ಒಂದು ಪಂಪು ಕೆಟ್ಟರೆ ಇನ್ನೊಂದು ಪಂಪು ಓಡುತ್ತೆ, ಸರಿ. ಆದ್ರೆ ಒಬ್ಬ ಬಿದ್ರೆ ಇನ್ನೊಬ್ಬ ಅವನನ್ನ ಬಿಟ್ಟು ಓಡ್ತಾನಾ? ಇಬ್ಬರೂ ನಿಲ್ತಾರೆ. ಅಂದ್ರೆ ಇಬ್ಬರೂ ಸರಿ ಇದ್ರೆ ಮಾತ್ರ ಸುತ್ತು ಮುಗಿಯುತ್ತೆ. ಸೀರೀಸಿನಲ್ಲಿ ಹನ್ನೆರಡರ ಬದಲು ಇಪ್ಪತ್ತನಾಲ್ಕು!' ಅವನ ಲೆಕ್ಕದಲ್ಲಿ 0.29.

ಒಂದೇ ನಿಯಮಕ್ಕೆ ಒಬ್ಬ 97 ಪರ್ಸೆಂಟ್ ಅಂತಾನೆ, ಇನ್ನೊಬ್ಬ 29 ಅಂತಾನೆ. ಎರಡರಲ್ಲೂ ಗುಣಾಕಾರ ತಪ್ಪಿಲ್ಲ. ವ್ಯತ್ಯಾಸ ಇರೋದು ಫೇಲ್ಯೂರ್ ಅಂದ್ರೆ ಏನು ಅನ್ನೋದರಲ್ಲಿ. ಸುತ್ತು ಟೈಮಿಗೆ ಮುಗಿಯದೇ ಇರೋದು ಫೇಲ್ಯೂರ್ ಅಂದ್ರೆ ಸಿಎಸ್ ಹೇಳಿದ್ದು ಸರಿ. ಒಬ್ಬ ಕತ್ತಲಲ್ಲಿ ಬಿದ್ದು ಯಾರಿಗೂ ಗೊತ್ತಾಗದೇ ಇರೋದು ಫೇಲ್ಯೂರ್ ಅಂದ್ರೆ ನನ್ನದು ಸರಿ. ಯಾವುದಕ್ಕೆ ಫೇಲ್ಯೂರ್ ಅನ್ನಬೇಕು ಅನ್ನೋದನ್ನ ಯಾವ ಫಾರ್ಮುಲಾನೂ ಹೇಳಲ್ಲ. ಅದನ್ನ ಹೇಳಿದ್ದು ದೊಡ್ಡಪ್ಪ. ಸಿವಿಲ್ ಫೋನನ್ನ ಸ್ಪೀಕರಿಗೆ ಹಾಕಿ ಎರಡೂ ಲೆಕ್ಕ ಓದಿದ. ಆ ಕಡೆಯಿಂದ ಬಂದ ಉತ್ತರ: 'ನಂಗೆ ನಿಮ್ಮ ಪರ್ಸೆಂಟೇಜ್ ಎಲ್ಲ ಗೊತ್ತಿಲ್ಲ. ಆರು ಜನ ಬರ್ತೀರಿ. ಬೆಳಿಗ್ಗೆ ತಿಂಡಿಗೆ ಆರು ಜನ ಕೂತ್ಕೋಬೇಕು. ಅಷ್ಟೇ.'

ಐಎಸ್ ಕೊನೇ ಮೊಳೆ ಹೊಡೆದ್ಲು. ಕಂಪನಿ ಸರ್ಕಾರದ ಕಾಲದ ಡಾಕ್ ವ್ಯವಸ್ಥೆಯಲ್ಲಿ ರಾತ್ರಿ ಕಾಡುದಾರಿಗೆ ಓಟಗಾರನ ಜೊತೆ ಪಂಜು ಹಿಡಿಯೋನೊಬ್ಬ, ಡೋಲು ಬಡಿಯೋನೊಬ್ಬ ಇರ್ತಿದ್ರಂತೆ. 'ಪಂಜಿನವನಿಗೂ ಸಂಬಳ ಕೊಡ್ತಿದ್ರು ಅಂದ್ಮೇಲೆ ಅವನೂ ಅಂಚೆಯವನೇ' ಅಂದ್ಲು. ಜಗಳ ಮುಗೀತು.

ಮೂರು ಜೋಡಿ ಆದ್ವಿ. ಸಿವಿಲ್ ಮತ್ತು ಸಿಎಸ್, ಇಸಿ ಮತ್ತು ಐಎಸ್, ಮೆಕ್ ಮತ್ತು ನಾನು. ಪ್ರತಿ ಜೋಡಿಗೆ ನಾಲ್ಕು ಸುತ್ತು. ಒಂದು ಸುತ್ತು ಕೋಲು ಒಬ್ಬರ ಕೈಯಲ್ಲಿ, ಇನ್ನೊಬ್ಬರು ಜೊತೆ. ಮುಂದಿನ ಸುತ್ತಿಗೆ ಅದಲು ಬದಲು. ತಲೆಗೆ 24 ಕಿಲೋಮೀಟರ್. ಅದರಲ್ಲಿ 12 ಲೆಕ್ಕಕ್ಕೆ ಬರುತ್ತೆ, 12 ಬರಲ್ಲ.

ಈ ನಿಯಮದಿಂದ ಒಂದು ಉಪಕಾರವೂ ಆಯ್ತು. ಇಸಿಯ ಅಮ್ಮ ಕೇಳಿದ ಮೊದಲ ಪ್ರಶ್ನೆಯೇ 'ರಾತ್ರಿ ಇಡೀ ಇವಳೊಬ್ಬಳೇ ತೋಟದಲ್ಲಿ ಓಡ್ತಾಳಾ?' ಅಂತ. 'ಇಲ್ಲ ಆಂಟಿ, ಒಬ್ಬಳೇ ಅಲ್ಲ' ಅನ್ನೋ ಉತ್ತರ ನಮ್ಮ ಹತ್ರ ಸಿದ್ಧವಾಗಿತ್ತು. ಆಮೇಲೆ ಅವರು ಸಿವಿಲ್‌ನ ದೊಡ್ಡಮ್ಮನ ಜೊತೆ ಮುಕ್ಕಾಲು ಗಂಟೆ ಮಾತಾಡಿದರು. ಕೊನೆಗೆ ಅನುಮತಿಯ ಜೊತೆ ಒಂದು ಚಿಪ್ಪು ನಂಜನಗೂಡು ರಸಬಾಳೆಯೂ ಬಂತು. ಈಗ ನಂಜನಗೂಡಿನಲ್ಲೇ ಅದು ಸಿಗೋದು ಕಷ್ಟ.

ಎರಡು ತಿಂಗಳು, ಮಂಗಳವಾರ ಮತ್ತು ಶನಿವಾರ, ಬೆಳಕು ಹರಿಯೋ ಹೊತ್ತಿಗೆ ಚಾಮುಂಡಿ ಬೆಟ್ಟದ ಪಾದದಲ್ಲಿರ್ತಿದ್ವಿ. ಸಾವಿರದೆಂಟು ಮೆಟ್ಟಿಲು. ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಹತ್ತುತ್ತಿರ್ತಾರೆ. ಅವರ ಪಕ್ಕ ಶೂ ಹಾಕ್ಕೊಂಡು ಏದುಸಿರು ಬಿಡ್ತಾ ಹತ್ತೋಕೆ ನಾಚಿಕೆ ಆಗ್ತಿತ್ತು. ಮೊದಲ ವಾರ ದೊಡ್ಡದೇವರಾಜ ಒಡೆಯರ ಕಾಲದ ನಂದಿ ಕಂಡ ಕೂಡಲೇ ಎಲ್ಲರೂ ಕೂತುಬಿಡೋರು, ಮೆಕ್ ಒಬ್ಬನನ್ನ ಬಿಟ್ಟು. ಅವನು ದೇವಸ್ಥಾನದ ತನಕ ಹೋಗಿ, ಇಳಿದು ಬಂದು, ನಮ್ಮ ಜೊತೆ ಮತ್ತೆ ಹತ್ತುತ್ತಿದ್ದ. ಹತ್ತೋದು ಉಸಿರಿನ ಕೆಲಸ, ಇಳಿಯೋದು ಮಂಡಿಯ ಕೆಲಸ ಅಂತ ನಮಗೆ ಕಲಿಸಿದ್ದು ಅವನೇ.

ಕೋಲು ಸಿವಿಲ್ ಮಾಡಿದ್ದು. ಮೂವತ್ತು ಸೆಂಟಿಮೀಟರ್ ಪಿವಿಸಿ ಪೈಪು, ಎರಡೂ ಕಡೆ ಕ್ಯಾಪು, ಸುತ್ತಲೂ ರಾತ್ರಿ ಹೊಳೆಯೋ ಟೇಪು. ಒಳಗೆ ಸುರುಳಿ ಸುತ್ತಿದ ಚೀಟಿಯಲ್ಲಿ ಎಲ್ಲರ ಮನೆಯ ನಂಬರು, ರಕ್ತದ ಗುಂಪು. ಹೊರಗೆ ಇಸಿ ಚಿಕ್ಕಂದಿನಲ್ಲಿ ಭರತನಾಟ್ಯಕ್ಕೆ ಕಟ್ತಿದ್ದ ಪಟ್ಟಿಯಿಂದ ಬಿಚ್ಚಿದ ಐದು ಗೆಜ್ಜೆ. ಒಲಿಂಪಿಕ್ಸಿನ ಬ್ಯಾಟನ್ 50 ಗ್ರಾಮಿಗಿಂತ ಕಡಿಮೆ ಇರಬಾರದು ಅಂತ ನಿಯಮ. ನಮ್ಮದು ಲ್ಯಾಬಿನ ತಕ್ಕಡಿಯಲ್ಲಿ 140 ಗ್ರಾಂ ತೂಗಿತು.

ಜನವರಿ ಅಂದ್ರೆ ಕಾಫಿ ಕೊಯ್ಲಿನ ಕಾಲ. ನಾವು ಹೋದಾಗ ಕಣದ ತುಂಬ ಹಣ್ಣು ಹರವಿತ್ತು. ಸಂಜೆ ಅದನ್ನೆಲ್ಲ ರಾಶಿ ಮಾಡಿ ಇಬ್ಬನಿಗೆ ಟಾರ್ಪಾಲು ಮುಚ್ಚಿದರು. ಕಳ್ಳರ ಭಯಕ್ಕೆ ರಾತ್ರಿ ಕಾವಲು ಇದ್ದೇ ಇರುತ್ತೆ. ಕಾವಲಿನ ಅಜ್ಜ ಬೆಂಕಿ ಹಾಕಿಕೊಂಡು ಕೂತಿದ್ದರು. ನಾವು ಯಾಕೆ ಓಡ್ತೀವಿ ಅಂತ ಅವರು ಕೇಳಲಿಲ್ಲ. ಕಾಟಿ ಎದುರಾದರೆ ಏನು ಮಾಡಬೇಕು ಅಂತ ಮಾತ್ರ ಹೇಳಿದರು. ಓಡಬಾರದು, ಕಣ್ಣಿಗೆ ಬೆಳಕು ಬಿಡಬಾರದು, ನಿಂತು ಅದಕ್ಕೆ ದಾರಿ ಬಿಡಬೇಕು. 'ಗೆಜ್ಜೆ ಕಟ್ಟಿದ್ದು ಒಳ್ಳೇದಾಯ್ತು. ನೀವು ಬರೋದು ಅದಕ್ಕೆ ಮೊದಲೇ ಗೊತ್ತಾಗ್ಲಿ' ಅಂದರು.

ರಾತ್ರಿ ಎಂಟಕ್ಕೆ ಸಿವಿಲ್ ಕೋಲು ಹಿಡಿದು ಹೊರಟ, ಜೊತೆಗೆ ಗೊಣಗುತ್ತಾ ಸಿಎಸ್. ಗೋದಾಮಿನ ಜಗುಲಿಯಲ್ಲಿ ಒಂದು ರಿಜಿಸ್ಟರ್ ಇಟ್ಟಿದ್ವಿ. ಸುತ್ತು, ಕೋಲು ಹಿಡಿದವರು, ಹೊರಟ ಸಮಯ, ಬಂದ ಸಮಯ ಅಂತ ನಾಲ್ಕು ಕಾಲಂ. ಒಂದು ಸುತ್ತಿಗೆ ಸರಾಸರಿ 55 ನಿಮಿಷ ಹಿಡಿಯಿತು.

ಮೂರನೇ ಸುತ್ತು ನಮ್ಮದು. ಕೋಲು ಮೆಕ್ ಕೈಯಲ್ಲಿ, ನಾನು ಜೊತೆ. ಸುಮ್ಮನೆ ಹಿಂದೆ ಓಡಿದರಾಯ್ತು ಅಂದ್ಕೊಂಡು ಹೊರಟವನಿಗೆ ಇನ್ನೂರು ಮೀಟರಿನೊಳಗೆ ಅದು ಬೇರೇನೇ ಕೆಲಸ ಅಂತ ಗೊತ್ತಾಯ್ತು. ಹಿಂದಿನಿಂದ ಬೆಳಕು ಬಿಟ್ಟರೆ ಮುಂದಿನವನ ನೆರಳು ಸರಿಯಾಗಿ ಅವನು ಹೆಜ್ಜೆ ಇಡೋ ಜಾಗಕ್ಕೇ ಬೀಳುತ್ತೆ. ಹಾಗಾಗಿ ಪಕ್ಕದಲ್ಲಿ, ಅರ್ಧ ಹೆಜ್ಜೆ ಮುಂದೆ ಇರಬೇಕು. ಹಣೆಗೆ ಕಟ್ಟಿದ ಲೈಟಿನಲ್ಲಿ ಇನ್ನೊಂದು ತೊಂದರೆ. ಬೆಳಕು ಕಣ್ಣಿನ ಮಟ್ಟದಿಂದಲೇ ಹೋಗೋದರಿಂದ ಕಲ್ಲಿನ ನೆರಳು ಕಲ್ಲಿನ ಹಿಂದೆಯೇ ಅಡಗುತ್ತೆ, ನೆಲವೆಲ್ಲ ಚಪ್ಪಟೆ ಕಾಣುತ್ತೆ. ಕೈಯಲ್ಲೊಂದು ಟಾರ್ಚನ್ನ ಸೊಂಟದ ಮಟ್ಟದಲ್ಲಿ ಹಿಡಿದರೆ ಉಬ್ಬು ತಗ್ಗು ಎದ್ದು ಕಾಣುತ್ತೆ. ಆ ಟಾರ್ಚು ಹಿಡಿಯೋದು ಜೊತೆಯವನ ಕೆಲಸ. 'ಕಲ್ಲು', 'ಬೇರು', 'ಎಡಕ್ಕೆ', 'ಜಾರುತ್ತೆ' ಅಂತ ಹೇಳ್ತಾ ಇರೋದೂ ಅವನದೇ. ಸಿಲ್ವರ್ ಓಕ್ ಎಲೆ ಇಬ್ಬನಿಗೆ ನೆನೆದರೆ ಸೋಪಿನ ಹಾಗೆ ಜಾರುತ್ತೆ.

ಕೋಲು ಹಿಡಿದವನು ತನ್ನ ಕಾಲನ್ನ ಮಾತ್ರ ನೋಡ್ಕೊಂಡರೆ ಸಾಕು. ಜೊತೆಯವನು ನಾಲ್ಕು ಕಾಲು ನೋಡ್ಕೋಬೇಕು, ಅದರಲ್ಲಿ ತನ್ನವೆರಡು ಕೊನೆಗೆ. ಆರನೇ ಸುತ್ತಿಗೆ, ಮಧ್ಯರಾತ್ರಿ ಕಳೆದು ಅರ್ಧ ಗಂಟೆಯ ಮೇಲೆ, ಕೋಲು ನನ್ನ ಕೈಗೆ ಬಂದಾಗ ಅದು ಎಷ್ಟು ಹಗುರ ಅನ್ನಿಸಿತು ಅಂದ್ರೆ, ಮೆಕ್‌ನ ಟಾರ್ಚಿನ ಹಳದಿ ವೃತ್ತದೊಳಗೆ ಹೆಜ್ಜೆ ಇಟ್ಕೊಂಡು ಹೋಗೋದಷ್ಟೇ ಕೆಲಸ. ನನ್ನ ವೇಗಕ್ಕೆ ಅವನು ತನ್ನ ವೇಗ ಇಳಿಸಿದ್ದ. ಇಳಿಸಿದ್ದೇನೆ ಅಂತ ತೋರಿಸಿಕೊಳ್ಳಲೂ ಇಲ್ಲ.

ಒಂಬತ್ತನೇ ಸುತ್ತಿಗೆ ನಾವು ಹೊರಟಿದ್ದು ಬೆಳಗಿನ ಜಾವ 3:20ಕ್ಕೆ. ನೆತ್ತಿ ದಾಟಿ ಇಳಿಜಾರಿನಲ್ಲಿ ಅರ್ಧ ಕಿಲೋಮೀಟರ್ ಬಂದಿರಬಹುದು. ಮಳೆನೀರು ಹೋಗಲಿ ಅಂತ ದಾರಿಗೆ ಅಡ್ಡ ತೋಡಿದ ಸಣ್ಣ ಕಾಲುವೆ ಒಂದಿದೆ. 'ಕಾಲುವೆ' ಅಂತ ನಾನಂದೆ, ಮೆಕ್ ಹಾರಿದ. ಆ ಕಡೆ ಎಲೆಯಡಿಯಲ್ಲಿದ್ದ ಕಲ್ಲು ಇಬ್ಬರಿಗೂ ಕಾಣಲಿಲ್ಲ. ಗೆಜ್ಜೆ ಒಮ್ಮೆ ಜೋರಾಗಿ ಝಲ್ ಅಂತು, ಆಮೇಲೆ ಸದ್ದಿಲ್ಲ.

ಬಲಗಾಲಿನ ಪಾದ ಒಳಮಡಚಿತ್ತು. ನೋಡ್ತಿದ್ದ ಹಾಗೇ ಊದಿಕೊಳ್ಳೋಕೆ ಶುರುವಾಯ್ತು. ಶೂ ಬಿಚ್ಚಲಿಲ್ಲ, ಬಿಚ್ಚಿದ್ರೆ ಮತ್ತೆ ಹಾಕೋಕಾಗಲ್ಲ. ಕುತ್ತಿಗೆಗೆ ಸುತ್ತಿದ್ದ ಟವೆಲನ್ನ ಶೂ ಮೇಲೇ ಬಿಗಿಯಾಗಿ ಕಟ್ಟಿದೆ. ಫೋನಿನಲ್ಲಿ ಸಿಗ್ನಲ್ ಇಲ್ಲ. ಕಣ ಇನ್ನೂ ಎರಡೂವರೆ ಕಿಲೋಮೀಟರ್.

'ನೀನು ಕೋಲು ತಗೊಂಡು ಹೋಗು. ಹದಿನೈದು ನಿಮಿಷದಲ್ಲಿ ಕಣದಲ್ಲಿರ್ತೀಯ. ಅವರನ್ನ ಕಳಿಸು. ನಾನಿಲ್ಲೇ ಕೂತಿರ್ತೀನಿ' ಅಂದ.

ಸಿಎಸ್ ಲೆಕ್ಕದ ಪ್ರಕಾರ ಅದೇ ಸರಿ. ಆ ಕ್ಷಣಕ್ಕೆ ನನಗೆ ನೆನಪಾದದ್ದು ದೊಡ್ಡಪ್ಪನ ಲೆಕ್ಕ. 'ಏಳು ಮಗಾ, ಚಳಿ ಹಿಡಿಯುತ್ತೆ' ಅಂತ ನನ್ನ ಜಾಕೆಟ್ ಅವನಿಗೆ ಹಾಕಿ ಎಬ್ಬಿಸಿದೆ. ಬ್ಯಾಟರಿ ಉಳಿಯಲಿ ಅಂತ ಒಂದು ಲೈಟು ಆರಿಸಿದೆ. ಅವನ ಬಲಗೈ ನನ್ನ ಹೆಗಲ ಮೇಲೆ. ಕೋಲು ಕೊಡು ಅಂದ್ರೆ ಕೊಡಲಿಲ್ಲ, ಸೊಂಟಕ್ಕೆ ಸಿಕ್ಕಿಸಿಕೊಂಡ. ಹೆಜ್ಜೆಗೊಂದು ಸಲ ಝಲ್, ಆಮೇಲೆ ಗ್ಯಾಪು, ಮತ್ತೆ ಝಲ್.

ಹಳ್ಳದ ಹತ್ತಿರ ಕೆಳಗಿನ ಕಾಫಿ ಗಿಡಗಳೊಳಗೆ ಏನೋ ದಪ್ಪವಾಗಿ ಉಸಿರು ಬಿಟ್ಟ ಹಾಗಾಯ್ತು. ನಿಂತ್ವಿ. ಟಾರ್ಚನ್ನ ನಮ್ಮ ಕಾಲ ಬುಡಕ್ಕೆ ತಿರುಗಿಸಿದೆ. ಐದು ನಿಮಿಷವೋ ಹತ್ತು ನಿಮಿಷವೋ ಗೊತ್ತಿಲ್ಲ. ಕೊಂಬೆ ಮುರಿದ ಸದ್ದು ಕೆಳಕ್ಕೆ ಕೆಳಕ್ಕೆ ಹೋಯ್ತು. ಅದು ಕಾಟಿಯೋ ಕಾಡುಹಂದಿಯೋ ನಾವು ನೋಡಲಿಲ್ಲ. ಆ ಜಾಗದಲ್ಲಿ ಕಾಲು ಊದಿಸಿಕೊಂಡು ಒಬ್ಬನೇ ಕೂತಿರೋದು ಹೇಗಿರ್ತಿತ್ತು ಅಂತ ಇಬ್ಬರಿಗೂ ಅನ್ನಿಸಿರಬೇಕು. ಇಬ್ಬರೂ ಹೇಳಲಿಲ್ಲ.

ಆಮೇಲೆ ಅವನು ಮಾತಾಡೋಕೆ ಶುರು ಮಾಡಿದ. ಮುಂದಿನ ತಿಂಗಳು ಇಂಟರ್‌ಕಾಲೇಜ್ ಕೂಟ ಇತ್ತು, ಐದು ಸಾವಿರ ಮೀಟರಿಗೆ ಹೆಸರು ಕೊಟ್ಟಿದ್ದ. 'ಮೂರು ಬ್ಯಾಕ್ ಇದೆ ಕಣೋ ನಂಗೆ. ಕ್ಲಾಸಲ್ಲಿ ಯಾರಿಗೂ ನನ್ನ ಮುಖ ಗೊತ್ತಿಲ್ಲ. ಗ್ರೌಂಡಿಗೆ ಬಂದ್ರೆ ಮಾತ್ರ ಗೊತ್ತು. ಈ ಕಾಲೂ ಹೋದ್ರೆ ಈ ಕಾಲೇಜಲ್ಲಿ ನಂಗೇನಿದೆ?' ಅಂದ. ಅದಕ್ಕೆ ಉತ್ತರ ನನ್ನ ಹತ್ರ ಇರಲಿಲ್ಲ. 'ಬಲಕ್ಕೆ ಕಲ್ಲಿದೆ, ನೋಡ್ಕೊಂಡು' ಅಂದೆ. ಸ್ವಲ್ಪ ಹೊತ್ತಿಗೆ ಅವನು ಮತ್ತೆ ಏನೋ ಹೇಳಿದ. 'ಇಲ್ಲಿ ಜಾರುತ್ತೆ' ಅಂದೆ. ಹೀಗೇ ಒಂದು ಕಿಲೋಮೀಟರ್ ಬಂದ್ವಿ.

ಕಣದಲ್ಲಿ ಏನಾಯ್ತು ಅಂತ ಆಮೇಲೆ ಗೊತ್ತಾಯ್ತು. ನಾವು ಬರಬೇಕಾದದ್ದು 4:15ಕ್ಕೆ. ಇಪ್ಪತ್ತು ನಿಮಿಷ ತಡವಾದರೆ ಮುಂದಿನ ಜೋಡಿ ಎದುರು ದಿಕ್ಕಿನಿಂದ ಹುಡುಕಿಕೊಂಡು ಬರಬೇಕು ಅಂತ ಮೊದಲೇ ಮಾತಾಗಿತ್ತು. ಅಷ್ಟರಲ್ಲಿ ದೂರದಿಂದ ಗೆಜ್ಜೆ ಕೇಳಿಸಿದೆ. ಎಲ್ಲರೂ ಬಂದ್ರು ಬಂದ್ರು ಅಂತ ಎದ್ದಿದ್ದಾರೆ. ಅಜ್ಜ ಮಾತ್ರ ಕಿವಿಗೊಟ್ಟು ಕೇಳಿ, 'ಓಡೋ ಸದ್ದಲ್ಲ ಅದು. ಯಾರೋ ಒಬ್ಬ ಕುಂಟ್ತಾ ಇದ್ದಾನೆ. ಇಬ್ಬರೂ ಇದ್ದಾರೆ, ಮಾತು ಕೇಳ್ತಿದೆ' ಅಂದರಂತೆ. ಸಿವಿಲ್ ಮತ್ತು ಸಿಎಸ್ ಹೊರಟು ನಮ್ಮನ್ನ ಸೇರಿದಾಗ 4:45 ಆಗಿತ್ತು. ಇಬ್ಬರೂ ಕೈಗೆ ಕೈ ಹೆಣೆದು ಕುರ್ಚಿ ಮಾಡಿ ಮೆಕ್‌ನನ್ನ ಕೂರಿಸಿಕೊಂಡರು. ಕಣದ ಹತ್ತಿರ ಬಂದಾಗ ಅವನು ಇಳಿಸಿ ಅಂದ. ಕೊನೆಯ ಇಪ್ಪತ್ತು ಹೆಜ್ಜೆ ತಾನೇ ಕುಂಟಿಕೊಂಡು ಬಂದು ಕೋಲನ್ನ ಸಿಎಸ್ ಕೈಗೆ ಕೊಟ್ಟ. 5:05.

ಹಕೋನೆ ಎಕಿಡೆನ್‌ನಲ್ಲಿ ಒಂದು ಕಠಿಣ ನಿಯಮ ಇದೆ. ಹಿಂದಿನ ಓಟಗಾರ ನಿಗದಿತ ಸಮಯದೊಳಗೆ ಬರದಿದ್ದರೆ ಮುಂದಿನವನು ಕಾಯೋ ಹಾಗಿಲ್ಲ. ಬೇರೊಂದು ಪಟ್ಟಿ ಹಾಕ್ಕೊಂಡು ಹೊರಟುಬಿಡಬೇಕು. ಹಿಂದಿನವನು ಬಂದಾಗ ಅವನ ಪಟ್ಟಿಯನ್ನ ತಗೊಳ್ಳೋಕೆ ಅಲ್ಲಿ ಯಾರೂ ಇರಲ್ಲ. ರಸ್ತೆ ಮುಚ್ಚಿ ನಡೆಸೋ ದೊಡ್ಡ ಓಟಕ್ಕೆ ಅಂಥ ನಿಯಮ ಬೇಕಾಗಬಹುದು. ನಮ್ಮದು ಬರೀ ಆರು ಜನರ ಓಟ, ಎದುರಾಳಿಗಳೇ ಇಲ್ಲ. ನಮಗೆ ಕಾಯೋ ಅನುಕೂಲ ಇತ್ತು.

ಹತ್ತನೇ ಸುತ್ತು ಮುಗಿಸಿ ಸಿವಿಲ್, ಸಿಎಸ್ ಬಂದಾಗ ಆರು ದಾಟಿತ್ತು. ಐಎಸ್ ಹನ್ನೊಂದನೆಯದನ್ನ ಮುಗಿಸಿ ನನಗೆ ಕೋಲು ಕೊಟ್ಟಾಗ 6:57. ಬೆಳಕು ಹರಿದಿತ್ತು. ದೊಡ್ಡಪ್ಪನ ಷರತ್ತು ಕತ್ತಲಿಗೆ ಮಾತ್ರ. ನನ್ನ ಜೋಡಿ ಬೆಂಕಿಯ ಪಕ್ಕ ಕಾಲು ಚಾಚಿ ಕೂತಿದ್ದ. ಒಬ್ಬನೇ ಹೋಗೋದು ಅಂತ ಹೊರಟೆ. ಇಪ್ಪತ್ತು ಹೆಜ್ಜೆ ಹೋಗೋದರೊಳಗೆ ಹಿಂದೆ ಶೂ ಸದ್ದು. ದಿಬ್ಬಣ ಅಂದಿದ್ದ ಸಿಎಸ್. 'ಯಾಕೋ, ಬೆಳಕಾಯ್ತಲ್ಲ' ಅಂದೆ. 'ಇರಲಿ ಬಾ, ಶೀಟಿನಲ್ಲಿ ಒಂದು ಸೆಲ್ ಖಾಲಿ ಉಳಿಯುತ್ತೆ' ಅಂದ. ಆ ಸುತ್ತಿನಲ್ಲಿ ಅವನು ಒಂದೇ ಒಂದು ಮಾತಾಡಿದ್ದು, ಅದೇ ಕಾಲುವೆ ಬಂದಾಗ. 'ಆ ಕಡೆ ಕಲ್ಲು' ಅಂದ.

7:52ಕ್ಕೆ ಮುಗೀತು. ನಾಲ್ಕು ಜನ 24, ಮೆಕ್ 18, ಸಿಎಸ್ 30. ಕೂಡಿಸಿದರೆ 144ಕ್ಕೆ 144. ದೊಡ್ಡಮ್ಮ ಕಡುಬು ಮಾಡಿದ್ದರು. ತಿಂಡಿಗೆ ಆರು ಜನ ಕೂತ್ವಿ.

ರಿಜಿಸ್ಟರ್ ವಿಷಯ ಹೇಳೋದು ಬಿಟ್ಟೆ. ಐದು ಗಂಟೆಯ ನಂತರ ಅದನ್ನ ಬರೆದದ್ದು ಮೆಕ್. ಊಟಕ್ಕೆ ಮೊದಲು ಸಿಎಸ್ ಅದರ ಫೋಟೋ ತೆಗೆಯೋಕೆ ಹೋದಾಗ ನೋಡಿದರೆ, ಕೋಲು ಹಿಡಿದವರ ಕಾಲಂ ಪಕ್ಕ ಸ್ಕೇಲಿಲ್ಲದೆ ಒಂದು ಸೊಟ್ಟ ಗೆರೆ ಎಳೆದು, ಮೇಲೆ 'ಜೊತೆ' ಅಂತ ಬರೆದಿದ್ದ. ಮೊದಲ ಸುತ್ತಿನಿಂದ ಹನ್ನೆರಡನೆಯದರ ತನಕ ನೆನಪು ಮಾಡಿಕೊಂಡು ಎಲ್ಲರ ಹೆಸರು ತುಂಬಿಸಿದ್ದ. ನಾವು ಶೀಟ್ ಮಾಡಿದ್ವಿ, ಲೆಕ್ಕ ಮಾಡಿದ್ವಿ, ಜಗಳ ಆಡಿದ್ವಿ. ಆ ಕಾಲಂ ಬೇಕು ಅಂತ ಒಬ್ಬರಿಗೂ ಹೊಳೆದಿರಲಿಲ್ಲ.

ಮೂಳೆ ಮುರಿದಿರಲಿಲ್ಲ. ಲಿಗಮೆಂಟ್ ಹಿಗ್ಗಿದೆ, ಆರು ವಾರ ಓಡೋ ಹಾಗಿಲ್ಲ ಅಂದರು ಡಾಕ್ಟರ್. ಇಂಟರ್‌ಕಾಲೇಜ್ ಕೂಟ ತಪ್ಪಿತು. ಅದು ಸಣ್ಣ ನಷ್ಟ ಅಂತ ಅವನ ಪರವಾಗಿ ನಾನು ಹೇಳೋ ಹಾಗಿಲ್ಲ. ಆ ಆರು ವಾರ ಸಂಜೆ ಹೊತ್ತು ಗ್ರೌಂಡಿಗೆ ಹೋಗದ ಅವನು ನನ್ನ ರೂಮಿಗೆ ಬರ್ತಿದ್ದ. ಬ್ಯಾಕ್ ಇದ್ದ ಮೂರರಲ್ಲಿ ಒಂದು ಎಂ-ಥ್ರೀ. ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್ ಇಬ್ಬರೂ ಕೂತು ಮಾಡಿದ್ವಿ. 'ಇಲ್ಲಿ ಜಾರುತ್ತೆ' ಅಂತ ನಾನು ಹೇಳೋದು, ಅವನು ನಗೋದು. ಮೂರರಲ್ಲಿ ಎರಡು ಕ್ಲಿಯರ್ ಆಗಿದೆ. ಏಪ್ರಿಲ್‌ನಿಂದ ಮತ್ತೆ ಬೆಟ್ಟದ ಮೆಟ್ಟಿಲು ಹತ್ತುತ್ತಿದ್ದಾನೆ, ಸದ್ಯಕ್ಕೆ ನಂದಿಯ ತನಕ.

ಈ ಸಲ ಜೂನಿಯರ್ಸ್ ಕೇಳ್ತಿದ್ದಾರೆ. ಜನವರಿಗೆ ಮತ್ತೆ ಹೋಗೋದು ಅಂತ ಇದೆ, ದೊಡ್ಡಪ್ಪನೂ ಸರಿ ಅಂದಿದ್ದಾರೆ. ಬರೋರಿಗೆ ಕೆಲವು ಸೂಚನೆ. ಹಣೆಯ ಲೈಟು ಒಂದೇ ಸಾಲದು, ಕೈ ಟಾರ್ಚು ತನ್ನಿ. ಕ್ರೇಪ್ ಬ್ಯಾಂಡೇಜು, ಶಿಳ್ಳೆ, ಒಣಗಿದ ಇನ್ನೊಂದು ಜೊತೆ ಸಾಕ್ಸು ಇರಲಿ. ಎರಡು ತಿಂಗಳು ಮೆಟ್ಟಿಲು ಹತ್ತದೆ ಬರಬೇಡಿ. ಮನೆಯಲ್ಲಿ ಹೇಳಿ ಬನ್ನಿ. ಆ ಕಾಲುವೆಯ ಕಲ್ಲನ್ನ ಸಿವಿಲ್ ಯುಗಾದಿ ರಜೆಗೆ ಹೋದಾಗ ಕಿತ್ತು ಹಾಕಿದ್ದಾನೆ. ಬೇರೆ ಕಲ್ಲು ಇದ್ದೇ ಇರುತ್ತವೆ.

ರಿಜಿಸ್ಟರ್ ಈಗ ಕನ್ನಡ ಸಂಘದ ರೂಮಿನಲ್ಲಿದೆ. ಎರಡೂ ಕಾಲಂ ಸೇರಿಸಿ ಹೊಸ ಪುಟಕ್ಕೆ ಮೆಕ್ ಗೆರೆ ಎಳೆದಿಟ್ಟಿದ್ದಾನೆ, ಈ ಸಲ ಸ್ಕೇಲ್ ಇಟ್ಟು. ಹೆಸರು ಕೊಡೋರು ಜೋಡಿಯಾಗಿ ಬಂದು ಕೊಡಿ.